ಇಪ್ಪತ್ತೈದು ವರ್ಷದ ಬಿಸಿಲು ಮತ್ತು ಮಾಮೂನ ಟವೆಲ್

ನಾನು ಶಾಲೆ ಬಿಟ್ಟಿದ್ದು ೧೯೯೪ರಲ್ಲಿ, ಏಳನೆಯ ತರಗತಿಗೆ. ನಮ್ಮ ಮಾಮೂ, ಅಂದರೆ ತಾಯಿಯ ಅಣ್ಣ, ಶಾಲೆಯ ಹೊಸ್ತಿಲನ್ನೇ ತುಳಿದವನಲ್ಲ. ಆದರೂ ಕರೆಂಟಿನ ವ್ಯಾಪಾರಿಗಳನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರಕ್ಕೆ ಇವನೊಬ್ಬ ಸಾಕು!

ಮಾಮೂ ನಲವತ್ತು ವರ್ಷ ಕುಷ್ಟಗಿ ದನದ ಸಂತೆಯಲ್ಲಿ ದಲ್ಲಾಳಿ. ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ಕಸುಬು. ಹೀಗಾಗಿ ಜಗತ್ತಿನ ಪ್ರತಿ ವ್ಯಾಪಾರದಲ್ಲೂ ಏನನ್ನೋ ಮುಚ್ಚಿದ ಒಂದು ಟವೆಲ್ ಇದ್ದೇ ಇರುತ್ತದೆ ಎಂಬುದು ಅವನ ಸಿದ್ಧಾಂತ. ನನಗೆ ಹೆಣ್ಣು ನೋಡಲು ಹೋದಾಗಲೂ "ಟವೆಲ್ ಎಲ್ಲೈತಿ?" ಎಂದಿದ್ದ, ಪಾಪ, ಆ ಮನೆಯವರು ಕೈ ಒರೆಸಲು ಹೊಸದನ್ನೇ ತಂದುಕೊಟ್ಟರು!

ಕಳೆದ ವರ್ಷ ಗಂಗಾವತಿಯ ನನ್ನ ಗಿರಣಿಗೆ ಸೋಲಾರ್ ಕಂಪನಿಯವನೊಬ್ಬ ಬಂದ. ಮಾಳಿಗೆಯ ಮೇಲೆ ಫಲಕ ಪುಕ್ಕಟೆ, ಕರೆಂಟಿಗಷ್ಟೇ ಹಣ, ಇಪ್ಪತ್ತೈದು ವರ್ಷದ ಕರಾರು. ಮಗಳ ಹೊಲಿಗೆ ಕೋಣೆಗೆಂದು ಅದೇ ಮಾಳಿಗೆಗೆ ಇಟ್ಟಿಗೆ ತರಿಸಿಟ್ಟಿದ್ದೆ. ಫಲಕ ಒಂದು ಮೂಲೆಯಲ್ಲಿದ್ದರಾಯಿತು ಎಂದುಕೊಂಡೆ. ಅವನು ಇಂಗ್ಲಿಷಿನ ಮೂವತ್ತು ಹಾಳೆ ಮುಂದಿಟ್ಟು, ತುಸು ಹೊತ್ತಿಗೆ "ಓದೀರೇನ್ರಿ?" ಎಂದ.

"ಪೂರಾ ಓದೀನಿ," ಎಂದೆ. ಬೆವರು ಸುರಿಸಿ ಗಿರಣಿ ಕಟ್ಟಿದವನು ಇನ್ನೇನು ಹೇಳಲಿ?

ಪೆನ್ನು ತೆಗೆದೆನೋ ಇಲ್ಲವೋ, ಗಿರಣಿಯ ಮೂಲೆಯಲ್ಲಿ ಕೂತಿದ್ದ ಮಾಮೂ ಅಡ್ಡ ಬಂದ. "ತಡಿ ಬೇಟಾ. ಎಮ್ಮಿ ಕೊಳ್ಳೂ ಮೊದ್ಲ ಮೂರು ಹೊತ್ತು ಹಿಂಡಿ ನೋಡ್ತೀವಿ. ಇದನ್ನ ಯಾರು ಹಿಂಡ್ಯಾರ?"

"ಅಜ್ಜಾ, ಇದು ಸೋಲಾರ್ರಿ!" ಎಂದ ಕಂಪನಿಯವನು.

"ಹಂಗಾರ ಹಾಲು ಕೊಡಂಗಿಲ್ಲ ಅನ್ನು. ನನಗ ಕಣ್ಣು ಕಾಣಂಗಿಲ್ಲಪಾ. ಕನ್ನಡದಾಗ ಓದಿ ಹೇಳು. ಒಂದು ಸಾಲೂ ಬಿಡಬ್ಯಾಡ."

ಫರ್ಲಾಂಗು ದೂರದಿಂದ ಎಮ್ಮೆಯ ವಯಸ್ಸು ಹೇಳುವ ಕಣ್ಣು ಕಾಣುವುದಿಲ್ಲವಂತೆ!

ಕಂಪನಿಯವನು ಬೆವರುತ್ತ ಓದಿದ. ಹತ್ತೊಂಬತ್ತನೆಯ ಹಾಳೆಗೆ ತಡವರಿಸಿದ: ದರ ವರ್ಷವರ್ಷವೂ ಏರುತ್ತದೆ, ಕರಾರು ಮುಗಿಯುವವರೆಗೆ ಮಾಳಿಗೆಯ ಮೇಲೆ ಏನೂ ಕಟ್ಟುವಂತಿಲ್ಲ.

"ಸಿಕ್ತು ನೋಡು ಟವೆಲ್ಲು!" ಮಾಮೂ ತೊಡೆ ತಟ್ಟಿದ. ನನ್ನ ಪೆನ್ನು ಜೇಬಿಗೆ ಹೋಯಿತು.

ಇಷ್ಟಕ್ಕೆ ಸುಮ್ಮನಾಗುವ ಆಸಾಮಿಯೇ? ಇಂಥ ಕಂಪನಿಗಳಿಗೆ ನಿಯಮ ಮಾಡುವ ಮೊದಲು ಜನರ ಅಹವಾಲು ಕೇಳಲು ಅಧಿಕಾರಿಗಳು ಕೊಪ್ಪಳದಲ್ಲಿ ಸಭೆ ಕರೆದರು. ಮಾಮೂ ನನ್ನನ್ನೂ ಎಳೆದುಕೊಂಡು ಹೋದ. "ಎಮ್ಮಿಗೆ ಮೂರು ಹೊತ್ತು, ಕರೆಂಟಿಗೆ ಮೂರು ತಿಂಗ್ಳು ಹಿಂಡಿ ನೋಡಾಕ ಬಿಡ್ರಿ!" ಎಂದು ಮೈಕಿನಲ್ಲಿ ಗುಡುಗಿದಾಗ ಸಭೆ ಬಿದ್ದುಬಿದ್ದು ನಕ್ಕಿತು. ನಾನು ಕುರ್ಚಿಯಲ್ಲೇ ಕುಗ್ಗಿದೆ.

ಆಮೇಲೆ ದನಿ ತಗ್ಗಿಸಿದ.

"ಸಾಹೇಬ್ರ, ಸಹಿ ಹಾಕೂ ಮೊದ್ಲ ಮಾರಾಂವನೇ ಕನ್ನಡದಾಗ ಓದಿ ಹೇಳ್ಬೇಕಂತ ಕಾಯ್ದೆ ಮಾಡ್ರಿ. ನನಗ ಕೇಳಾಕ ನಾಚಿಕಿಲ್ಲ. ಆದ್ರ ಮರ್ಯಾದಿಗೆ ಅಂಜಿ ಬಾಳೂ ಮಂದಿ ಅದಾರ. ತಿಳೀಲಿಲ್ಲ ಅನ್ನೂದಕ್ಕಿಂತ ಸಹಿ ಹಾಕಿಬಿಡ್ತಾರ್ರಿ."

ನನ್ನತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಈಗ ನನಗಿರುವುದು: ಒಂದು ಗಿರಣಿ, ಒಂದು ಖಾರ ಕುಟ್ಟುವ ಯಂತ್ರ, ಮಾಳಿಗೆಯ ಮೇಲೊಂದು ಕೋಣೆ, ಅದರಲ್ಲಿ ಮಗಳ ಎರಡು ಹೊಲಿಗೆ ಯಂತ್ರ, ಒಬ್ಬ ಮಾಮೂ.