ಕಿವಿಯಲ್ಲಿ ಹೇಳಿದ ಹೆಸರು

ತೊಟ್ಟಿಲಿಗೆ ಹಾಕುವ ದಿನ ಸ್ವಾದರತ್ತಿ, ಅಂದರೆ ತಂದೆಯ ಅಕ್ಕನೋ ತಂಗಿಯೋ, ಮಗುವಿನ ಕಿವಿಯಲ್ಲಿ ಹೇಳಿದ್ದೇ ಅದರ ಖರೆ ಹೆಸರು. ಬೇರೆ ಹೆಸರಿನಿಂದ ಕರೆದರೆ ಮಗು ಅಳುತ್ತದೆ, ಹಟ ಹಿಡಿದು ಕರೆದರೆ ಜ್ವರ ಬರುತ್ತದೆ. ನಮ್ಮ ಬೆಟಗೇರಿಯಲ್ಲಿ ಇದನ್ನು ಎಲ್ಲರೂ ನಂಬಿದ್ದರು. ನಂಬದವನು ನಾನೊಬ್ಬ. ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದ್ದರಿಂದ ಓಣಿಯವರು ಅದನ್ನು ಕ್ಷಮಿಸಿದ್ದರು.

ಆದರೂ ಹೆಸರು ಕೇಳಲು ಜನ ನನ್ನ ಹತ್ತಿರವೇ ಬರುತ್ತಿದ್ದರು. "ಸರ, ಯಾರೂ ಇಡದಂಥಾದ್ದೊಂದು ಹೇಳ್ರಿ" ಅನ್ನುವುದು, ನಾನು ಹೇಳುವುದು, "ಭಾಳ ಚೊಲೋ ಐತ್ರಿ" ಅಂದು ಹೋಗಿ ಅಜ್ಜಿಯ ಹೆಸರು ಇಡುವುದು. ಗದಗ ಜಿಲ್ಲೆಯಾದ ಹೊಸದರಲ್ಲಿ ಇಂಥದು ಮೇಲಿಂದ ಮೇಲೆ ನಡೆಯುತ್ತಿತ್ತು. ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಬೇಡಿಕೆ ಇದ್ದೂ ಖರ್ಚಾಗದ ಸರಕು ಯಾವುದು ಎಂಬುದಕ್ಕೆ ಪಾಠದಲ್ಲಿ ಉದಾಹರಣೆ ಇರಲಿಲ್ಲ, ಮನೆಯಲ್ಲಿತ್ತು.

ಒಂದು ಹೆಸರನ್ನು ಮಾತ್ರ ಹೊರಗಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಮೊದಲನೆಯ ಮಗನಿಗೆ ಅಜ್ಜನ ಹೆಸರು ಹುಟ್ಟುವ ಮೊದಲೇ ತಯಾರಿತ್ತು, ನನ್ನನ್ನು ಯಾರೂ ಕೇಳಲಿಲ್ಲ. ಎರಡನೆಯದು ಹೆಣ್ಣಾದರೆ ಹಿಂಗಾರಿ ಅಂತ ಇಡಬೇಕು. ಎರೆಹೊಲಕ್ಕೆ ತಡವಾಗಿ ಬಂದು ಜೋಳ, ಕಡಲೆ ಬೆಳೆಸಿಕೊಡುವ ಮಳೆಯ ಹೆಸರು. ಹೆಂಡತಿ ಒಪ್ಪಿದ್ದಳು. ಅವ್ವ ಒಪ್ಪಿರಲಿಲ್ಲ. ಕಿವಿಯಲ್ಲಿ ಹೇಳಬೇಕಾದವಳು ನನ್ನ ಅಕ್ಕ. ಹಾಗಾಗಿ ಆ ವರ್ಷಗಳಲ್ಲಿ ಊರವರ ತೊಟ್ಟಿಲುಗಳನ್ನು ನಾನು ಸ್ವಲ್ಪ ಸ್ವಾರ್ಥದಿಂದಲೇ ನೋಡುತ್ತಿದ್ದೆ.

೧. ಜಿಲ್ಲಾ

ಎದುರುಮನೆಯ ಅಜ್ಜ ನಿವೃತ್ತ ಗುಮಾಸ್ತ. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು ತಾವು ಚಹದಂಗಡಿಯಲ್ಲಿ ಮಾಡಿದ ವಾದಗಳಿಂದಲೇ ಎಂದು ಅವರ ಅಭಿಪ್ರಾಯ. ಅದೇ ವರ್ಷ ಮೊಮ್ಮಗಳು ಹುಟ್ಟಿದಳು. ಅಜ್ಜ 'ಜಿಲ್ಲಾ' ಅಂತಲೇ ಇಡಬೇಕೆಂದರು.

"ಶೀಲಾ ಐತಿ, ಲೀಲಾ ಐತಿ. ಜಿಲ್ಲಾ ಯಾಕಾಗಬಾರದು, ನೀವ ಹೇಳ್ರಿ ಸರ" ಅಂದರು.

ಸ್ವಾದರತ್ತಿಯೆಂದರೆ ಅಜ್ಜನ ಮಗಳೇ. ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಬಂದವಳು ಚೀಲ ಕೆಳಗಿಡುವ ಮೊದಲೇ ಸುದ್ದಿ ಕಿವಿಗೆ ಬಿತ್ತು.

"ಅಪ್ಪಾ, ನಮ್ಮ ಲಕ್ಷ್ಮೇಶ್ವರ ಅಷ್ಟು ದೊಡ್ಡ ಊರು, ಇನ್ನಾ ತಾಲೂಕಾ ಆಗಿಲ್ಲ. ಒಂದು ಸಹಿ ಬೇಕಂದ್ರ ಶಿರಹಟ್ಟಿಗೆ ಓಡ್ತೀವಿ. ಈ ಗೇಣುದ್ದ ಕೂಸು ಒಮ್ಮೆಲೇ ಜಿಲ್ಲಾ ಆಗತೈತೇನು?"

"ಹಿರ್ಯಾ ಮನಷ್ಯಾ ಹೇಳಾಕತ್ತೀನಿ. ಇಡು."

ಅವಳು ತೊಟ್ಟಿಲಿಗೆ ಬಗ್ಗಿ, ಹೆಸರಿಗೆ ಮೊದಲು ಕಿವಿಯಲ್ಲಿ ಊದುವ "ಕುರ್ರ್" ಅಂದಳು. ನಮ್ಮಲ್ಲಿ ಸ್ವಾದರತ್ತಿ ಹಾಗೆ ಬಗ್ಗಿದಾಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವ ರೂಢಿ ಇದೆ. ಕಾರಣ ಯಾರಿಗೂ ಗೊತ್ತಿಲ್ಲ, ಅವಕಾಶವನ್ನಂತೂ ಯಾರೂ ಬಿಡುವುದಿಲ್ಲ. ಗುದ್ದಿಸಿಕೊಂಡು ಎದ್ದವಳು "ಕಾವೇರಿ" ಅಂದಳು. ಅಜ್ಜ ಆ ದಿನ ಹಂಚಿದ ಕಾಳಿನ ಗುಗ್ಗರಿ ಮುಟ್ಟಲಿಲ್ಲ.

ಮುಂದೆ ಅದೇ ಮನೆಯಲ್ಲಿ ಇನ್ನೊಂದು ಹೆಣ್ಣು ಹುಟ್ಟಿತು. ಅಜ್ಜ ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಅಪ್ಪಾ, ಈ ಸಲ ನಿನ್ನ ಮಾತ ನಡೀಲಿ. ತಾಲೂಕಾ ಅಂತ ಇಡ್ತೀನಿ. ಆದ್ರ ಕೂಸನ್ನ ನಾ ಲಕ್ಷ್ಮೇಶ್ವರಕ್ಕ ಒಯ್ತೀನಿ."

೨. ಗುಲ್ದಸ್ತಾ

ಮುಂಡರಗಿಯಲ್ಲಿ ನನ್ನ ಜೊತೆ ಓದಿದ ಮುಸ್ಲಿಂ ಗೆಳೆಯನೊಬ್ಬ ಪಾತ್ರೆ ಅಂಗಡಿ ಇಟ್ಟಿದ್ದ. ಅವರಲ್ಲಿ ಹುಟ್ಟಿದ ಮಗುವಿನ ಕಿವಿಯಲ್ಲಿ ಅಜಾನ್ ಹೇಳುತ್ತಾರೆ, ಹೆಸರನ್ನು ಮನೆಯವರು ಕೂತು ಆರಿಸುತ್ತಾರೆ. "ನೀನು ಪುಣ್ಯವಂತ. ನಿಮ್ಮಲ್ಲಿ ಅತ್ತಿಗಳ ಕಾಟ ಇಲ್ಲ" ಅಂದೆ.

"ಅತ್ತಿ ಇಲ್ಲದಿದ್ರ ಏನಾತು? ಬೋರ್ಡ್ ಐತಲ್ಲ" ಅಂದ.

ಅಂಗಡಿಯನ್ನು ಅವನು ಬೇರೆಯವರಿಂದ ಬೋರ್ಡಿನ ಸಮೇತ ಕೊಂಡಿದ್ದ. ಅದರ ಮೇಲೆ ಕೆಂಪು ಅಕ್ಷರಗಳಲ್ಲಿ 'ಗುಲ್ದಸ್ತಾ ಸ್ಟೀಲ್ ಸೆಂಟರ್' ಎಂದಿತ್ತು. ಅಂಗಡಿಗೆ ಮಗಳ ಹೆಸರಿಡುವ ಊರು ಅದು. ಕೊಡ ಕೊಳ್ಳಲು ಬಂದವರೆಲ್ಲ "ಗುಲ್ದಸ್ತಾ ನಿಮ್ಮ ಮಗಳೇನ್ರಿ?" ಎಂದು ಕೇಳುತ್ತಿದ್ದರು. ಮದುವೆಯೇ ಆಗಿಲ್ಲ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಕಡೆಗೆ ಮದುವೆಯಾಯಿತು, ಮಗಳೂ ಹುಟ್ಟಿದಳು. ಅದೇ ಹೆಸರಿಟ್ಟ.

"ಹೂವಿನ ಗೊಂಚಲು ಅಂತ ಅರ್ಥ. ಹೆಂಡ್ತಿ ಅಂಗಡಿ ಕಡೆ ಬಂದಾಕಿ ಅಲ್ಲ, ನಾನು ಪ್ರೀತೀಲೆ ಹುಡುಕೀನಿ ಅಂತ ತಿಳ್ಕೊಂಡಾಳ. ನೀ ಸುಮ್ನಿರು" ಅಂದ.

"ಲೇ, ಅಂಗಡಿ ಬೋರ್ಡ್ ನೋಡಿ ಯಾರರ ಮಗಳಿಗೆ ಹೆಸರು ಇಡ್ತಾರೇನೋ?"

"ಪೂರಾ ಎಲ್ಲಿ ಇಟ್ಟೀನಿ? ಸ್ಟೀಲ್ ಸೆಂಟರ್ ಬಿಟ್ಟೀನಲ್ಲ."

೩. ಸಾಕವ್ವ

ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದರೆ ಕೊನೆಯದಕ್ಕೆ ಸಾಕವ್ವ ಅಂತ ಇಡುತ್ತಾರೆ. ಇನ್ನು ಸಾಕು ಎಂದು ದೇವರಿಗೆ ಸೂಚನೆ. ಕಳಸಾಪುರದ ಪರಿಚಯದ ಮನೆಯಲ್ಲಿ ನಾಲ್ಕನೆಯವಳು ಸಾಕವ್ವ. ದೇವರು ಕೇಳಿಸಿಕೊಳ್ಳಲಿಲ್ಲ, ಐದನೆಯದೂ ಹೆಣ್ಣಾಯಿತು.

ಬಾಣಂತಿಯ ಅತ್ತೆ ನನ್ನನ್ನು ಕರೆಸಿದರು. "ಸಾಕವ್ವ ಅಂದ್ರ ನಡಿಯೂದಿಲ್ಲ ಸರ. ಅದಕ್ಕಿಂತ ಗಟ್ಟಿ ಹೆಸರ ಬೇಕು."

ಹೆಸರು ಗಟ್ಟಿಯಾಗಿಯೇ ಇತ್ತು, ಕಿವಿಯಲ್ಲಿ ಹೇಳಿದ ದೊಡ್ಡ ಮಗಳ ದನಿ ಸಣ್ಣದಿತ್ತು ಎಂದು ಮಾವ ವಾದಿಸಿದರು. "ಕುರ್ ಅಂದಿದ್ದಷ್ಟ ಕೇಳಿಸ್ತು. ಮುಂದಿಂದು ಕೂಸಿಗೇ ಕೇಳಿಸಿಲ್ಲ, ದೇವರಿಗೆ ಏನ ಕೇಳಿಸತೈತಿ?" ಈ ಸಲ ದೊಡ್ಡ ಬಾಯಿಯ ಸಣ್ಣ ಮಗಳನ್ನು ಕರೆಸಬೇಕು ಎಂದು ಮಾತಾಯಿತು.

ಬಾಣಂತಿ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಐದು ಬಾಣಂತನದಲ್ಲಿ ಅವಳು ಎದುರಾಡಿದ್ದನ್ನು ಯಾರೂ ಕೇಳಿರಲಿಲ್ಲವಂತೆ. ಅಲ್ಲಿಂದಲೇ ಹೇಳಿದಳು: "ಅತ್ತಿ, ಕೂಸಿನ ಕಿವ್ಯಾಗ ಯಾಕ ಹೇಳ್ತೀರಿ? ಸಾಕು ಅಂತ ನಿಮ್ಮ ಮಗನ ಕಿವ್ಯಾಗ ಹೇಳ್ರಿ."

ಹೊಸ ಹೆಸರಿನ ಅವಶ್ಯಕತೆ ಮುಂದೆ ಆ ಮನೆಗೆ ಬೀಳಲಿಲ್ಲ.

೪. ಹಿಂಗಾರಿ

ನನಗೆ ಹೆಣ್ಣೇ ಹುಟ್ಟಿತು.

"ಹಿಂಗಾರೀ ಅಂತ ಓಣ್ಯಾಗ ನಿಂತು ಕೂಗಿದ್ರ ಮಂದಿ ಬಿತ್ತಾಕ ಕೂರಿಗಿ ಹೂಡ್ಕೊಂಡು ಬರ್ತಾರ" ಅಂದಳು ಅವ್ವ. ಅವಳಿಗೆ ಬೇಕಾದದ್ದು ಗಂಗವ್ವ, ತನ್ನ ಅತ್ತೆಯ ಹೆಸರು. ನನಗೆ ಆಶ್ಚರ್ಯವಾಯಿತು. ಅಜ್ಜಿ ಇದ್ದಷ್ಟು ದಿನ ಇಬ್ಬರಿಗೂ ನೆಟ್ಟಗೆ ಮಾತಿರಲಿಲ್ಲ.

"ಆಕಿ ಮ್ಯಾಲ ಅಷ್ಟು ಪ್ರೀತಿ ಯಾವಾಗ ಬಂತಬೇ?"

"ಪ್ರೀತಿ ಯಾರಿಗೆ ಬಂದೈತಿ? ಸೊಸಿಯಾದಾಕಿ ಅತ್ತಿ ಹೆಸರು ಬಾಯಾಗ ತರಬಾರದಂತ ಇಷ್ಟು ವರ್ಷ ನುಂಗಿಕೊಂಡೀನಿ. ಈಗರ 'ಏ ಗಂಗೀ, ಬಾ ಇಲ್ಲೆ' ಅಂತ ಕರೀತೀನಿ."

ಇಂಥ ನ್ಯಾಯವಾದ ಆಸೆಯ ಎದುರು ನನ್ನ ಮಳೆ ಸ್ವಲ್ಪ ತೆಳುವಾಗಿ ಕಂಡಿತು. ಆದರೂ ಬಿಡಲಿಲ್ಲ. ಬಾಳೆಹೊಸೂರಿನಿಂದ ಅಕ್ಕ ಬಂದೊಡನೆ ಅಡುಗೆಮನೆಯ ಬಾಗಿಲ ಹಿಂದೆ ಒಂದು ಇಳಕಲ್ ಸೀರೆ ಕೊಟ್ಟೆ.

"ಹಿಂಗಾರಿ ಅಂತ ಹೇಳ್ತಿ, ಹೌದಲ್ಲ ಅಕ್ಕಾ?"

"ಆತು ಬಿಡೋ" ಅಂದಳು.

ಮರುದಿನ ಅಕ್ಕ ತೊಟ್ಟಿಲ ಹತ್ತಿರ ಬಂದಾಗ ಉಟ್ಟದ್ದು ಬೇರೆ ಹೊಸ ಸೀರೆ. ಅವ್ವನ ಮುಖದಲ್ಲಿ ನೆಮ್ಮದಿ ಇತ್ತು. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಅವ್ವನ ತವರು ಕುರ್ತಕೋಟಿ. ಅಲ್ಲಿಂದ ಬಂದ ಹೆಂಗಸರು ಅಕ್ಕನ ಹಿಂದೆ ಸಾಲಾಗಿ ನಿಂತರು. ಹೊಲದಲ್ಲಿ ದುಡಿದ ಕೈಗಳು. ಅಕ್ಕ ಬಗ್ಗಿದಳು, "ಕುರ್ರ್" ಅಂದಳು, ಬೆನ್ನ ಮೇಲೆ ದಪದಪ ಬಿತ್ತು. ಎದ್ದು, ಕೆಮ್ಮಿ, ಸೆರಗು ಸರಿಮಾಡಿಕೊಂಡು, "ಗಂಗವ್ವನೂ ಹೌದು, ಹಿಂಗಾರಿನೂ ಹೌದು. ಯಾರಿಗೆ ಹೆಂಗ ಬೇಕೋ ಹಂಗ ಕರೀರಿ" ಅಂದಳು.

"ಕಿವ್ಯಾಗ ಯಾವುದು ಹೇಳಿದಿ?" ಅವ್ವನೂ ನಾನೂ ಒಟ್ಟಿಗೇ ಕೇಳಿದೆವು.

"ಕಿವ್ಯಾಗಿಂದು ಕಿವ್ಯಾಗಿರಬೇಕು. ಹೊರಗ ಹೇಳಿದ್ರ ಫಲ ಹೋಗತೈತಿ."

ಹೀಗಾಗಿ ಮನೆಯಲ್ಲಿ ಒಂದು ಮಗು, ಎರಡು ಹೆಸರು. ಹಲ್ಲು ಬರುವಾಗ ಮಗುವಿಗೆ ಮೈ ಕಾದರೆ ಅವ್ವ, "ನೋಡು, ಹಿಂಗಾರಿ ಹಿಂಗಾರಿ ಅಂದಿ, ಮೈ ಸುಡಾಕತ್ತೈತಿ" ಅನ್ನುವಳು. ಅವ್ವ "ಗಂಗೀ" ಅಂದಾಗ ಮಗು ಅತ್ತದ್ದನ್ನು ನಾನೂ ಲಕ್ಷ್ಯವಿಟ್ಟು ನೋಡಿದ್ದೆ. ನಂಬದವನಿಗೆ ಇದು ಶೋಭಿಸುವುದಿಲ್ಲ. ಆದರೆ ಸಾಕ್ಷಿ ಸಾಕ್ಷಿಯೇ. ಅಕ್ಕ ಹಬ್ಬಕ್ಕೆ ಬಂದಾಗಲೆಲ್ಲ ಇಬ್ಬರೂ ಬೇರೆ ಬೇರೆಯಾಗಿ ಕೇಳುತ್ತಿದ್ದೆವು. ಅವಳು ಇಬ್ಬರನ್ನೂ ನೋಡಿ ಒಂದೇ ರೀತಿ ನಗುತ್ತಿದ್ದಳು. ಆ ನಗು ನನ್ನ ಪರವಾಗಿದೆ ಎಂದು ನಾನು, ತನ್ನ ಪರವಾಗಿದೆ ಎಂದು ಅವ್ವ ನಂಬಿ, ಸುಖವಾಗಿ ಕಾಲ ಕಳೆದೆವು. ಶಾಲೆಯಲ್ಲಿ ಹಿಂಗಾರಿ ನಡೆಯಿತು. ಮನೆಯಲ್ಲಿ ಅವ್ವ ಇರುವ ತನಕ "ಏ ಗಂಗೀ, ನೀರು ತಾ" ನಡೆಯಿತು. ಕರೆದಷ್ಟು ಸಲವೂ ಅವ್ವನಿಗೆ ಹಳೆಯ ಲೆಕ್ಕ ತೀರಿದಂತಾಗುತ್ತಿತ್ತು.

ಹೋದ ವರ್ಷ ನನ್ನ ಮಗನಿಗೆ ಮಗಳು ಹುಟ್ಟಿದಳು. ಈಗ ಸ್ವಾದರತ್ತಿ ನನ್ನ ಹಿಂಗಾರಿಯೇ. ತೊಟ್ಟಿಲು ಕಟ್ಟುವಾಗ ಅವಳು ಅಕ್ಕನನ್ನು ಹಿಡಿದಳು.

"ಅತ್ತಿ, ಅಂದು ನನ್ನ ಕಿವ್ಯಾಗ ಯಾವ ಹೆಸರು ಹೇಳಿದ್ದಿ? ಈಗರ ಹೇಳು. ಅಜ್ಜಿ ಇಲ್ಲ. ಅಪ್ಪನೂ ಜಗಳಾಡೂ ವಯಸ್ಸಿನ್ಯಾಗಿಲ್ಲ."

ನಾನು ಗುಗ್ಗರಿಯ ಬುಟ್ಟಿ ಹಿಡಿದುಕೊಂಡು ನಿಂತೆ.

"ಕುರ್ತಕೋಟಿ ಹೆಣ್ಣಮಕ್ಕಳ ಕೈ ನಿನಗ ಗೊತ್ತಿಲ್ಲವ್ವ" ಅಂದಳು ಅಕ್ಕ. "ಕುರ್ ಅನ್ನೂದರಾಗ ಗುದ್ದಿದ್ರು. ಉಸಿರೇ ನಿಂತಂಗಾತು. ಎದ್ದುಬಿಟ್ಟೆ."

"ಮತ್ತ ಹೆಸರು?"

"ಎಲ್ಲೀ ಹೆಸರು? ನಿನ್ನ ಕಿವ್ಯಾಗ ನಾ ಏನೂ ಹೇಳಿಲ್ಲ."