ಕೆರೆಯಿಂದ ತಂದ ಸಾಧು ಹುಳ

ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿದವನು ನಾನು. ಒಂದು ಹುಳ ನನ್ನ ಕಣ್ಣಿಗೆ ಮಣ್ಣೆರಚೀತೇ ಎಂಬ ಧೈರ್ಯದಲ್ಲಿ, ಅಂಗಡಿಗೆ ಬಂದ ವಿಜ್ಞಾನದ ಮೇಡಂಗೆ ಮಾತು ಕೊಟ್ಟುಬಿಟ್ಟೆ: "ಕೆರೆಯಲ್ಲಿರೋ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೆಲ್ಲ ನಾನು ಗುರುತಿಸಿ ಕೊಡ್ತೀನಿ, ಬಿಡಿ."

ಮೇಡಂ ಕೊಟ್ಟ ಪುಸ್ತಕದ ಪ್ರಕಾರ ಕೆಲಸ ಸುಲಭ. ರೆಕ್ಕೆ ಬಲಿಯುವವರೆಗೆ ಈ ಮರಿ ನೀರಿನಲ್ಲೇ ಬೆಳೆಯುತ್ತದೆ. ಮೊಂಡು ಮೈ, ಮೀನುಮರಿಯನ್ನೂ ಬಿಡದ ಬೇಟೆಗಾರ. ಹಿಂತುದಿಯಲ್ಲಿ ಕೂದಲಿನಂಥ ಮೂರು ಎಳೆಗಳಿದ್ದರೆ ಅದು ಬೇರೆ ಜಾತಿ. ಪಾಚಿ ತಿಂದುಕೊಂಡಿರುವ ಸಾಧು.

ಭಾನುವಾರ ಮೊಣಕಾಲುದ್ದ ಕೆಸರಿಗಿಳಿದು, ಟೀ ಸೋಸುವ ಜಾಲರಿಯಲ್ಲಿ ಒಂದನ್ನು ಹಿಡಿದೆ. ಭೂತಗನ್ನಡಿ ಹಿಡಿದರೆ ಮೂರು ಎಳೆ! ಸಾಧು ತಾನೇ, ಮೇಡಂಗೆ ತೋರಿಸುವವರೆಗೆ ಇರಲಿ ಎಂದು ಮನೆಗೆ ತಂದು ಮೀನಿನ ತೊಟ್ಟಿಗೆ ಬಿಟ್ಟೆ.

ಆ ತೊಟ್ಟಿಯೂ ಅದರ ನಾಲ್ಕು ಪುಟ್ಟ ಮೀನುಗಳೂ ತೀರಿಕೊಂಡ ಮಾವನವರವು. ಅತ್ತೆ ನಮಗ್ಯಾರಿಗೂ ಹೇಳದ ಮಾತುಗಳನ್ನು ದಿನಾ ಬೆಳಿಗ್ಗೆ ಅವುಗಳ ಮುಂದೆ ಕೂತು ಹೇಳುತ್ತಿದ್ದರು.

"ರೀ, ಅದು ಮೀನಿಗೇನೂ ಮಾಡಲ್ವಾ?" ಎಂದಳು ಹೆಂಡತಿ.

"ಪಾಚಿ ತಿನ್ನೋ ಹುಳ ಕಣೇ. ನಾನು ಗುರುತಿಸಿದ ಮೇಲೆ ಮುಗೀತು."

"ಅಮ್ಮ, ನೀನೇನಂತೀಯ?"

"ಅಳಿಯಂದ್ರು ಹೇಳಿದ ಮೇಲೆ ನಾನೇನು ಹೇಳಲಿ" ಎಂದು ಅತ್ತೆ ಎದ್ದು ಹೋದರು.

ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಒಂದೂ ಮೀನಿಲ್ಲ. ಕಲ್ಲಿನ ಮೇಲೆ ಹುಳ ಮಾತ್ರ ಗಂಭೀರವಾಗಿ ಕೂತಿತ್ತು. ಅದರ ಮೂರು ಎಳೆಗಳು ಕಳಚಿ ನೀರಿನ ಮೇಲೆ ತೇಲುತ್ತಿದ್ದವು. ಎತ್ತಿ ನೋಡಿದೆ. ಕೆರೆಯ ಜೊಂಡಿನ ನಾರು. ಬೆರಳು ಹತ್ತಿರ ಒಯ್ದದ್ದೇ ತಡ, ಹುಳದ ಮಡಿಸಿಟ್ಟ ಕೆಳತುಟಿ ಕೊಕ್ಕೆಯಂತೆ ಚಿಮ್ಮಿ ಬಂತು. ಸಾಧು ಅಲ್ಲ, ಸಾಕ್ಷಾತ್ ಬೇಟೆಗಾರ.

ಮಾವ ಬಿಟ್ಟುಹೋದ ಮೀನುಗಳು; ಅತ್ತೆ ಇನ್ನು ಯಾರ ಹತ್ತಿರ ಮಾತಾಡಬೇಕು? ಬೇರೆ ಮೀನು ತಂದು ಬಿಟ್ಟು ಸುಮ್ಮನಿರೋಣವೆಂಬ ಯೋಚನೆಯೂ ಬಂತು. ನಾಚಿಕೆಯಾಗಿ ನೇರ ಅಡುಗೆಮನೆಗೆ ಹೋದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅತ್ತೆ, ತಪ್ಪಾಯ್ತು. ಮಾವನವರ ಮೀನು..." ಎಂದೆ.

ಅವರು ತಲೆ ಎತ್ತಲಿಲ್ಲ. "ಹಿತ್ತಿಲಲ್ಲಿ ಬಕೆಟ್ ಇದೆ. ಮುಚ್ಚಳ ತೆಗೆದು ನೋಡಿ."

ನೋಡಿದೆ. ನಾಲ್ಕೂ ಈಜುತ್ತಿದ್ದವು. ಓಡಿ ಬಂದು ಕೇಳಿದೆ: "ಯಾವಾಗ ತೆಗೆದ್ರಿ?"

"ನಿನ್ನೆ, ನೀವು ಕೆಸರು ತೊಳ್ಕೊಳ್ಳೋಕೆ ಹೋದಾಗ."

"ಹಾಗಾದ್ರೆ ಅದು ಯಾವ ಹುಳ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಅಯ್ಯೋ, ಹುಳದ ವಿಷಯ ನನಗೇನು ಗೊತ್ತು" ಎಂದರು ಅತ್ತೆ. "ಅಳಿಯಂದ್ರ ವಿಷಯ ಸ್ವಲ್ಪ ಗೊತ್ತು."