ಒಡೆಯಬಾರದ ಅಂಗೈ

ಮನೆಯಲ್ಲೊಬ್ಬರು ಕ್ಯಾನ್ಸರಿಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವಾಗ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದುಕೊಂಡಿದ್ದೆ. ಎಂಬತ್ತರ ದಶಕದ ನಮ್ಮ ವಿಜಯನಗರದ ಮನೆಯಲ್ಲಿ ಅಂಥದ್ದು ನಡೆಯುತ್ತಲೇ ಇತ್ತು.

ಅಮ್ಮನ ಡಾಕ್ಟರು ಮೊದಲೇ ಹೇಳಿದ್ದರು: ಈ ಔಷಧಿಗೆ ಅಂಗೈ, ಅಂಗಾಲು ಕೆಂಪಾಗಿ ಉರಿಯುತ್ತವೆ, ಮೈ ಬಿಸಿಲು ತಡೆಯುವುದಿಲ್ಲ. ಚರ್ಮ ಒಡೆದರೆ ಮುಂದಿನ ಇಂಜೆಕ್ಷನ್ ತಡವಾಗುತ್ತದೆ. ತಡವಾಗಬಾರದು. ಕೆಮಿಸ್ಟ್ರಿ ಓದಿದವನು ಮನೆಯಲ್ಲಿ ನಾನೊಬ್ಬನೇ. ಚರ್ಮದ ಜವಾಬ್ದಾರಿ ನನಗೆ ಬಂತು.

ಬಸ್ಸಿನಲ್ಲಿ ಕೊಡೆ

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಅಮ್ಮನಿಗೆ ಸೀರೆಯ ಮೇಲೆ ಅಪ್ಪನ ತುಂಬು ತೋಳಿನ ಶರ್ಟು ಹಾಕಿಸಿ, ಕಾಲುಚೀಲ ತೊಡಿಸಿ, ಸೀಟಿನಲ್ಲಿ ಕೂರಿಸಿ ಕೊಡೆ ಬಿಚ್ಚಿದೆ. ಇಡೀ ಬಸ್ಸು ತಿರುಗಿತು.

ಕಂಡಕ್ಟರ್ ಬಂದ. "ಏನಮ್ಮಾ, ಬಸ್ಸು ಸೋರ್ತಾ ಇದ್ಯಾ?"

"ಇಲ್ಲಪ್ಪ," ಎಂದರು ಅಮ್ಮ. "ಮಗ ಬಿ.ಎಸ್ಸಿ. ಮಾಡಿದಾನೆ."

ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಅವನು ಮುಂದೆ ಹೋದ.

ಬಾಗಿಲಿಗೆ ಬೇವು

ಅಮ್ಮನ ಕೈಮೇಲೆ ಕೆಂಪು ಗುಳ್ಳೆ ಎದ್ದದ್ದನ್ನು ಎದುರುಮನೆ ಆಂಟಿ ನೋಡಿದರು. ಮಧ್ಯಾಹ್ನದೊಳಗೆ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು.

"ಸೀತಾಳೆ ಸಿಡುಬು. ದೇವಿ ಬಂದಿದಾಳೆ. ಮನೇಲಿ ಒಗ್ಗರಣೆ ಹಾಕ್ಬೇಡಿ. ಬೇವು, ಅರಿಶಿನ ಅರೆದು ತಂದಿದೀನಿ, ಮೈಗೆಲ್ಲಾ ತಿಕ್ಕಿಬಿಡ್ತೀನಿ."

ತಿಕ್ಕಿದರೆ ಚರ್ಮ ಕಿತ್ತೇ ಬರುತ್ತದೆ. ಇದು ಔಷಧಿಯ ಪರಿಣಾಮ ಎಂದು ನಾನು ಕ್ರಮವಾಗಿ ವಿವರಿಸಿದೆ. ಆಂಟಿ ಸೆರಗು ಸಿಕ್ಕಿಸಿಕೊಂಡರು.

ಅಮ್ಮ ಕಣ್ಣು ಮುಚ್ಚಿ ಹೇಳಿದರು: "ಬೆಳಗಿನ ಜಾವ ಕನಸಲ್ಲಿ ಬಂದಿದ್ಲು ಕಣ್ರೀ. ನನ್ನ ಯಾರ ಕೈಲೂ ಮುಟ್ಟಿಸ್ಬೇಡ, ಸಾರಿಗೆ ಮಾತ್ರ ಒಗ್ಗರಣೆ ಹಾಕಿಸು ಅಂದ್ಲು."

ಆಂಟಿ ಕೈಮುಗಿದು ಹಿಂದೆ ಸರಿದರು. ಸಂಜೆ ಇಂಗಿನ ಒಗ್ಗರಣೆಯ ಸಾರು ಅವರ ಮನೆಯಿಂದಲೇ ಬಂತು. ನಾನು ಅಮ್ಮನನ್ನೇ ನೋಡುತ್ತಿದ್ದೆ. ಅಮ್ಮ ಇನ್ನೊಂದು ಸೌಟು ಬಡಿಸಿಕೊಂಡರು.

ನಾಲ್ಕು ಅಂಗೈ

ಸೋಪು, ಬಿಸಿನೀರು, ಪಾತ್ರೆ ತಿಕ್ಕುವುದು ಮೂರನ್ನೂ ಅಮ್ಮನಿಗೆ ನಿಷೇಧಿಸಿದೆ.

"ಮತ್ತೆ ತಿಕ್ಕೋರು ಯಾರು?"

ಅಪ್ಪ ಎದ್ದು ಪಂಚೆ ಎತ್ತಿ ಕಟ್ಟಿದರು. ಕುಡಿದ ಲೋಟವನ್ನೂ ಎತ್ತಿಟ್ಟವರಲ್ಲ. ಬೂದಿ, ಸೋಡ, ತೆಂಗಿನ ನಾರು ಹಿಡಿದು ಕೂತರೆ ಹಳೆಯ ಪಾತ್ರೆಗಳ ತಳದಲ್ಲೂ ಮುಖ ಕಾಣುತ್ತಿತ್ತು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಇಂಜೆಕ್ಷನ್ ದಿನ ಬಂತು. ಡಾಕ್ಟರು ತಲೆಯೆತ್ತದೆ "ಕೈ ತೋರಿಸಿ" ಎಂದರು. ಅಮ್ಮ ಸೂಜಿಯ ತಟ್ಟೆ ಕಂಡು ಮುಖ ತಿರುಗಿಸಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅಪ್ಪ ಅದನ್ನು ಹಿಡಿದು ಮೇಜಿನ ಮೇಲಿಟ್ಟರು. ಅವರ ಕೈಯೂ ಅಲ್ಲೇ ಉಳಿಯಿತು.

"ಒಡೆದುಹೋಗಿದೆಯಲ್ರೀ! ಇವತ್ತು ಇಂಜೆಕ್ಷನ್ ಆಗಲ್ಲ."

ನಾನು ಬಗ್ಗಿ ನೋಡಿದೆ.

"ಅದು ನಮ್ಮ ಯಜಮಾನರ ಕೈ ಡಾಕ್ಟ್ರೇ. ನಂದು ಇದು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಅಮ್ಮನ ಅಂಗೈ ತಿರುಗಿಸಿ ನೋಡಿದರು. ಕೆಂಪಿತ್ತು, ಎಲ್ಲೂ ಬಿರುಕಿಲ್ಲ. "ಭೇಷ್. ಇವತ್ತೇ ಕೊಡೋಣ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ನಿಮ್ದೇನ್ರೀ ಇದು?"

"ಪಾತ್ರೆ," ಎಂದರು ಅಪ್ಪ.

"ನೀವು ಇನ್ಮೇಲೆ ಪಾತ್ರೆ ಮುಟ್ಟಕೂಡದು."

ಅಷ್ಟು ದಿನ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ ಅಮ್ಮ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ, ಹಾಗನ್ಬೇಡಿ ಡಾಕ್ಟ್ರೇ! ಬೇಕಾದ್ರೆ ನಂಗೆ ಇನ್ನೊಂದು ಇಂಜೆಕ್ಷನ್ ಜಾಸ್ತಿ ಕೊಡಿ!"